ಹೇಳಿ ಮಾಡಿಸಿದ ಚಾಕು

ನಮ್ಮ ಕಡೆಯ ಹಳೇ ತಲೆಗಳ ಜೇಬಿನಲ್ಲಿ ಏನೇನಿರುತ್ತಿತ್ತು? ನಶ್ಯದ ಡಬ್ಬಿ, ಎಲೆಅಡಿಕೆ ಸಂಚಿ, ಸುಣ್ಣದ ಡಬ್ಬಿ, ಬೆವರು ಕುಡಿದು ಕಂದಿದ ಪಹಣಿ, ಹೆಂಡತಿಗೂ ತೋರಿಸದ ಒಂದು ನೋಟು, ಜೊತೆಗೆ ಒಂದು ಮಡಚುವ ಚಾಕು. ಈಗ ಇವೆಲ್ಲದರ ಜಾಗದಲ್ಲಿ ಮೊಬೈಲು ಬಂದು ಕೂತಿದೆ. ಪಹಣಿ ಅದರಲ್ಲೇ ಬರುತ್ತದೆ, ದುಡ್ಡು ಅದರಲ್ಲೇ ಹೋಗುತ್ತದೆ, ನಶ್ಯ ಕೊಡುತ್ತಿದ್ದ ಮತ್ತನ್ನು ಅದು ಹಗಲೂ ರಾತ್ರಿ ಕೊಡುತ್ತದೆ. ಚಾಕುವಿನ ಕೆಲಸ ಒಂದನ್ನು ಮಾತ್ರ ಇನ್ನೂ ಕಲಿತಿಲ್ಲ. ಮಾವಿನಕಾಯಿಯ ಮುಂದೆ ಹಿಡಿದರೆ ಫೋಟೋ ತೆಗೆಯುತ್ತದೆ, ಹೋಳು ಮಾಡಿಕೊಡುವುದಿಲ್ಲ.

ನಮ್ಮ ತಾತನ ಚಾಕು ಎಲ್ಲ ಕೆಲಸವನ್ನೂ ಬಲ್ಲದ್ದಾಗಿತ್ತು. ವೀಳ್ಯದೆಲೆಯ ತೊಟ್ಟು ತೆಗೆಯುವುದು, ಅಡಿಕೆ ಸೀಳುವುದು, ಕಬ್ಬಿನ ಗೆಣ್ಣು ಸವರುವುದು, ಹಗ್ಗ ಕೊಯ್ಯುವುದು, ಮೊಮ್ಮಕ್ಕಳ ಸೀಸದಕಡ್ಡಿ ಚೂಪು ಮಾಡುವುದು, ಉಗುರು ತೆಗೆಯುವುದು, ಜಮೀನಿನ ತಕರಾರಿನಲ್ಲಿ ಮಾತು ಬಿಸಿಯಾದಾಗ ಸುಮ್ಮನೆ ಒಮ್ಮೆ ತೆರೆದು ಮುಚ್ಚುವುದು, ಎಲ್ಲಕ್ಕೂ ಅದೇ. ಎತ್ತಿನ ಗೊರಸಿನಲ್ಲಿ ಸಿಕ್ಕಿಕೊಂಡ ಮುಳ್ಳನ್ನು ಅದರಲ್ಲೇ ಕೆದಕಿ ತೆಗೆದು, ಪಂಚೆಯ ಅಂಚಿಗೆ ಎರಡು ಸಲ ಒರೆಸಿ, ಅದರಲ್ಲೇ ನಮಗೆ ಸೀಬೆಹಣ್ಣು ಹೆಚ್ಚಿ ಕೊಡುತ್ತಿದ್ದರು. ನಾವು ಉಪ್ಪುಕಾರ ಹಚ್ಚಿಕೊಂಡು ತಿನ್ನುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಈಗ ಮೂರು ಸಲ ತೊಳೆದ ಸೇಬು ತಿಂದು ಮೊಮ್ಮಗಳಿಗೆ ಹೊಟ್ಟೆ ಕೆಡುತ್ತದೆ.

ತೇದು ತೇದು ಆ ಚಾಕುವಿನ ಅಲಗು ಅಗಲದಲ್ಲಿ ಅರ್ಧ ಮಾತ್ರ ಉಳಿದಿತ್ತು. ತಾತ ಹೋದ ಮೇಲೆ ಅದು ಅತ್ತೆಯ ಬಾಣಂತನಕ್ಕೆ ಕೋಣೆ ಸೇರಿತು. ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣ ಇರಬೇಕಲ್ಲ! ಕೂಸು ಬೆಳೆದು ಈಗ ಅಮೆರಿಕದಲ್ಲಿ ಕಂಪ್ಯೂಟರ್ ಎಂಜಿನಿಯರು. ದಿಂಬು ಎಲ್ಲಿ ಹೋಯಿತು, ಚಾಕು ಎಲ್ಲಿ ಹೋಯಿತು ಎಂಬುದಕ್ಕೆ ಮನೆಯ ಚರಿತ್ರೆಯಲ್ಲಿ ದಾಖಲೆ ಇಲ್ಲ.

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಮನುಷ್ಯನಿಗೆ ಒಂದೋ ದೈವಭಕ್ತಿ ಹತ್ತುತ್ತದೆ, ಇಲ್ಲವೇ ಹಳೇ ಆಸೆಗಳು ಎದ್ದು ಕೂರುತ್ತವೆ. ನನಗೆ ಚಾಕು ಹತ್ತಿತು. ತಾತನದರಂಥದೇ ಒಂದು ಮಡಚುವ ಚಾಕು ಜೇಬಿನಲ್ಲಿರಬೇಕು ಎಂದು ಮನೆಯಲ್ಲಿ ಹೇಳಿದೆ.

“ನಿಮಗೆ ಒಂದು ಈರುಳ್ಳಿ ನೆಟ್ಟಗೆ ಹೆಚ್ಚೋಕೆ ಬರಲ್ಲ. ಚಾಕು ಇಟ್ಕೊಂಡು ಏನು ಮಾಡ್ತೀರಿ?” ಎಂದಳು ನನ್ನಾಕೆ, ಈಳಿಗೆಮಣೆಯ ಮೇಲಿಂದ ಏಳದೆ.

ಅವಳ ಮಾತಿನಲ್ಲಿ ನ್ಯಾಯವಿತ್ತು. ಈಳಿಗೆಮಣೆಯಲ್ಲಿ ಅಲಗು ಕದಲದೆ ಕೂತಿರುತ್ತದೆ, ತರಕಾರಿಯೇ ಅದರ ಹತ್ತಿರ ಬರಬೇಕು. ಮನೆ ನಡೆಸುವವರ ಆಯುಧ ಅದು. ಚಾಕು ಅಲೆಯುವವರ ಆಯುಧ. ಅದೇ ಎದ್ದು ಹೋಗಿ ಕೆಲಸ ಹುಡುಕಬೇಕು. ನಮ್ಮ ಮನೆಯಲ್ಲಿ ಯಾರು ಕೂತು ಕೆಲಸ ಮಾಡುತ್ತಾರೆ, ಯಾರು ಎದ್ದು ಅಲೆಯುತ್ತಾರೆ ಎಂಬುದರ ಬಗ್ಗೆ ನಲವತ್ತು ವರ್ಷದಿಂದ ಎರಡು ಅಭಿಪ್ರಾಯವಿಲ್ಲ.

ಹುಡುಕಾಟ ಹಾಸನದಿಂದಲೇ ಶುರುವಾಯಿತು. ಹಾಸನ ಸಾಮಾನ್ಯ ಊರಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇಲ್ಲಿದೆ; ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಕಿವಿ ಹಿಂಡುವುದು ಇಲ್ಲಿಂದಲೇ. ಅಂಥ ಊರಿನಲ್ಲಿ ಒಂದು ಮಡಚುವ ಚಾಕು ಸಿಗಲಿಲ್ಲ. ಪಾತ್ರೆ ಅಂಗಡಿಯವನು ಪ್ಲಾಸ್ಟಿಕ್ ಹಿಡಿಯ ಬಣ್ಣಬಣ್ಣದ ಚಾಕುಗಳ ಸೆಟ್ಟು ತೋರಿಸಿದ. ಇನ್ನೊಂದು ಅಂಗಡಿಯಲ್ಲಿ ಕತ್ತರಿ, ಗರಗಸ, ಬಿರಡೆ ತೆಗೆಯುವ ಸುರುಳಿ ಎಲ್ಲ ಒಂದರೊಳಗೊಂದು ಅಡಗಿದ ಸ್ವಿಸ್ ಮಾದರಿಯ ಚಾಕು ಇತ್ತು. ನಮ್ಮ ಕಡೆ ಬಿರಡೆ ತೆಗೆಯುವ ಸಂದರ್ಭಗಳು ಕಡಿಮೆ; ಬರುವ ಸಂದರ್ಭದಲ್ಲಿ ಯಾರೂ ಸುರುಳಿಗಾಗಿ ಕಾಯುವುದಿಲ್ಲ.

ಚನ್ನರಾಯಪಟ್ಟಣಕ್ಕೆ ಹೋದೆ. ತೆಂಗಿನ ಸೀಮೆ. ಅಲ್ಲಿನ ಕುಲುಮೆಯಲ್ಲಿ ಮಚ್ಚುಗಳು ಗೋಡೆಯುದ್ದಕ್ಕೂ ನೇತಾಡುತ್ತಿದ್ದವು: ಎಳನೀರಿನದು, ಗರಿ ಕಡಿಯುವುದು, ಸೌದೆಯದು. ಚಿಪ್ಪಿನ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ನಾನು ಕೈಯಲ್ಲಿ ಮಡಚಿ ತೋರಿಸಿ ಏನು ಬೇಕೆಂದು ವಿವರಿಸಿದೆ. ಕುಲುಮೆಯವರು ಬಹಳ ಹೊತ್ತು ಯೋಚಿಸಿ ಕೇಳಿದರು, “ಮಡಚ್ಕಂಡ್ರೆ ಕಾಯಿ ಒಡೆಯಾದು ಹೆಂಗೆ ಸಾ?”

ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಯ ಗಾಳಿ ಚೆನ್ನಾಗಿತ್ತು. ದೇಶಕ್ಕೆ ಒಬ್ಬ ಪ್ರಧಾನಿಯನ್ನು ಕೊಟ್ಟ ತಾಲ್ಲೂಕು ಅದು. ಕುಡುಗೋಲಿಗೆ ಕಕ್ಕು ಹಾಕುತ್ತ ಕೂತಿದ್ದವರ ಮುಂದೆ ನಾನು ಚಾಕುವಿನ ವಿಷಯ ಎತ್ತಿದೆ. ಅವರು ಚುನಾವಣೆಯ ವಿಷಯ ಎತ್ತಿದರು. ಹೋಬಳಿಯಿಂದ ಹಿಡಿದು ದೆಹಲಿಯವರೆಗೆ ಯಾರು ಯಾರಿಗೆ ಯಾವಾಗ ಬೆನ್ನು ತೋರಿಸಿದರು ಎಂಬುದನ್ನು ಒಂದು ಕುಡುಗೋಲು ಮುಗಿಯುವಷ್ಟರಲ್ಲಿ ಹೇಳಿ ಮುಗಿಸಿದರು. ನಾನು ಎದ್ದಾಗ ನೆನಪಿಸಿಕೊಂಡು, “ಅರಕಲಗೂಡು ಕಡೆ ಒಬ್ಬರವ್ರೆ, ಹೋಗಿ. ಮಡಚಾದು ಅವರಿಗೇ ಗೊತ್ತಿರಾದು” ಎಂದರು.

ಅರಕಲಗೂಡಿನಿಂದ ಕೊಣನೂರಿನ ಕಡೆಗೆ ಹೊರಟರೆ ಭೂಮಿಯ ಬಣ್ಣ ಬದಲಾಗುತ್ತ ಹೋಗುತ್ತದೆ. ಹೊಗೆಸೊಪ್ಪಿನ ಬ್ಯಾರನ್ನುಗಳು, ಆಲೂಗಡ್ಡೆ ಹೊಲ, ಶುಂಠಿ ಪಾತಿ, ದೂರದಲ್ಲಿ ಕೊಡಗಿನ ಬೆಟ್ಟದ ನೀಲಿ. ಕೊಡಗು ಹತ್ತಿರವಿರುವುದೇ ನನ್ನ ಕೆಲಸಕ್ಕೆ ಅನುಕೂಲವಾಯಿತು. ಸೊಂಟದಲ್ಲಿ ಬೆಳ್ಳಿ ಕಟ್ಟಿನ ಪೀಚೆಕತ್ತಿ ಸಿಕ್ಕಿಸಿಕೊಳ್ಳದೆ ಮದುವೆಯಾಗದ ಜನ ಅವರು. ಕಬ್ಬಿಣವನ್ನು ಗೌರವದಿಂದ ಕಾಣುತ್ತಾರೆ. ಅಲ್ಲಿನ ಎಸ್ಟೇಟಿನವರ ಹಳೇ ಶೆಫೀಲ್ಡ್ ಚಾಕುಗಳ ಸ್ಪ್ರಿಂಗು ಮುರಿದಾಗ ಅವು ಬೆಟ್ಟ ಇಳಿದು ನಾನು ಹುಡುಕಿ ಹೊರಟಿದ್ದ ಕುಲುಮೆಯ ಆಚಾರ್ರ ಬಳಿ ಬರುತ್ತಿದ್ದವಂತೆ. ಬಿಚ್ಚಿ, ಸರಿಮಾಡಿ, ಮತ್ತೆ ಕೂಡಿಸಿ ಕೂಡಿಸಿ ಅವುಗಳ ಗುಟ್ಟೆಲ್ಲ ಇವರ ಕೈಗೆ ಬಂದಿತ್ತು.

ರಸ್ತೆ ಬದಿಯ ಹೆಂಚಿನ ಸೂರು. ಒಳಗೆ ಕುಲುಮೆ, ಅಡಿಗಲ್ಲು, ಕಾಲ ಬಳಿ ನೀರಿನ ಕಲ್ಲುಬಾನಿ. ತಿದಿ ಒತ್ತುವ ಕಾಲ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ. ಕರೆಂಟು ಹೋದಾಗ ತಿರುಗಿಸಲು ಕೈಚಕ್ರವೂ ಇದೆ. ಪಕ್ಕದಲ್ಲೇ ಮಗನ ವೆಲ್ಡಿಂಗ್ ಶಾಪು. ಅಪ್ಪನ ಕಡೆ ಟಣ್ ಟಣ್, ಮಗನ ಕಡೆ ಚರ್ ಚರ್. ಗೇಟು, ಗ್ರಿಲ್ಲು, ಟ್ರೈಲರಿನ ಹಲಗೆ, ಶುಂಠಿ ತೊಳೆಯುವ ಯಂತ್ರ, ಇವೆಲ್ಲ ಮಗನ ಇಲಾಖೆ. ವಿಶ್ವಕರ್ಮರ ಐದು ಕಸುಬುಗಳಲ್ಲಿ ಕಬ್ಬಿಣದ್ದು ಮನುವಿನ ಪಾಲು ಎನ್ನುತ್ತಾರೆ. ಮನುವಿಗೆ ವೆಲ್ಡಿಂಗ್ ರಾಡು ಕೊಟ್ಟರೆ ಬೇಡ ಅನ್ನುತ್ತಿರಲಿಲ್ಲ ಎಂದು ಆಚಾರ್ರು ನನಗೆ ಆಮೇಲೆ ಹೇಳಿದರು.

ಮಡಚುವ ಚಾಕು ಬೇಕು ಎಂದೆ. ಅವರು ಬೆಲೆ ಹೇಳಲಿಲ್ಲ, ಅಳತೆ ಕೇಳಲಿಲ್ಲ.

“ಏನ್ ಕುಯ್ತೀರಿ ಮೇಷ್ಟ್ರೇ?”

ನನ್ನ ಬಳಿ ಉತ್ತರವಿರಲಿಲ್ಲ. ಎಲೆಅಡಿಕೆ ಬಿಟ್ಟು ಬಹಳ ಕಾಲವಾಗಿದೆ. ಎತ್ತಿಲ್ಲ, ಹಗ್ಗವಿಲ್ಲ, ಕಬ್ಬಿನ ಗದ್ದೆ ಇಲ್ಲ. ಬಾಳೆಲೆ ಕೊಯ್ದು ಕಟ್ಟು ಕಟ್ಟಿಯೇ ಅಂಗಡಿಗೆ ಬರುತ್ತದೆ, ಬೆಳ್ಳುಳ್ಳಿ ಸುಲಿದು ಪೊಟ್ಟಣದಲ್ಲಿ ಬರುತ್ತದೆ, ಹಲಸಿನ ತೊಳೆ ಬಿಡಿಸಿ ತಳ್ಳುಗಾಡಿಯಲ್ಲಿ ಬರುತ್ತದೆ. ನನ್ನ ಕೈಗೆ ಬರುವಷ್ಟರಲ್ಲಿ ಲೋಕವನ್ನೆಲ್ಲ ಯಾರೋ ಮೊದಲೇ ಹೆಚ್ಚಿಟ್ಟಿರುತ್ತಾರೆ.

“ಹಣ್ಣು ಹೆಚ್ಚೋಕೆ” ಎಂದೆ.

“ಯಾವ್ ಕೈಲಿ? ಹೆಬ್ಬೆಟ್ಟು ಬೆನ್ನಿನ ಮೇಲೆ ಇಡ್ತೀರೋ, ಪಕ್ಕಕ್ಕೋ? ಎಲ್ಲಿ, ಕೈ ತೋರ್ಸಿ.”

ಅಂಗೈ ಚಾಚಿದೆ. ಜ್ಯೋತಿಷಿಗಳು ಕೂಡ ಅಷ್ಟು ಹೊತ್ತು ನೋಡಿರಲಿಲ್ಲ. ಸೀಮೆಸುಣ್ಣ ಹಿಡಿದು ಹಿಡಿದು ಬಿದ್ದ ಬೆರಳಿನ ಸೊಟ್ಟನ್ನು ಮುಟ್ಟಿ ನೋಡಿ, “ಹಿಡಿ ಸ್ವಲ್ಪ ದಪ್ಪ ಇರ್ಬೇಕು, ಅಲಗು ಮೂರಂಗಲ ಸಾಕು” ಎಂದು ತೀರ್ಪು ಕೊಟ್ಟರು. ನಲವತ್ತು ರೂಪಾಯಿಯ ಚಾಕು ಮಾರುವ ಅಂಗಡಿಯಲ್ಲಿ ನನ್ನ ಕೈಯನ್ನು ಯಾರೂ ನೋಡಿರಲಿಲ್ಲ, ಅದರಲ್ಲಿದ್ದ ನೋಟನ್ನು ಬಿಟ್ಟು.

ಮೂರಂಗುಲ ಎಂದಾಗ ನೆಮ್ಮದಿಯಾಯಿತು. ವಕೀಲಿಕೆ ಮಾಡುವ ನನ್ನ ಭಾಮೈದ ಮೊದಲೇ ಎಚ್ಚರಿಸಿದ್ದ: ಮನೆಗೆಲಸಕ್ಕೂ ಬೇಸಾಯಕ್ಕೂ ಅಲ್ಲದ ಚಾಕುವಿನ ಅಲಗು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲ ಇದ್ದರೆ ಆಯುಧ ಕಾಯಿದೆಯ ನಿಯಮಗಳು ಅದನ್ನು ಖಡ್ಗ, ಈಟಿಗಳ ಸಾಲಿನಲ್ಲೇ ಕೂರಿಸುತ್ತವಂತೆ. ಕಾಯಿದೆ 1959ರದು. ಸಳ ಬಹಳ ಹಿಂದಿನವನು, ಬಚಾವಾದ. ಬೇಲೂರಿನ ದೇವಾಲಯದ ಬಾಗಿಲಲ್ಲಿ ಅವನು ಆಯುಧ ಹಿಡಿದು ಮೃಗದ ಮೇಲೆ ಬಿದ್ದಿರುವುದನ್ನು ನೋಡಿ ನಮ್ಮ ಜಿಲ್ಲೆಯವರು ಬೆಳೆದಿದ್ದೇವೆ. ಬೆಂಗಳೂರಿನಲ್ಲಿ ಈಗ ಚಾಕು ಹಿಡಿದು ನಿಂತವರನ್ನು ಹಿಡಿದೊಯ್ಯಲು ಬರುವ ಪೊಲೀಸ್ ಗಾಡಿಯ ಹೆಸರೂ ಹೊಯ್ಸಳ. ಚರಿತ್ರೆ ಹೀಗೆಲ್ಲ ತಮಾಷೆ ಮಾಡುತ್ತದೆ.

ಕೆಲಸ ಶುರುವಾಗುವುದಕ್ಕೆ ಮುಹೂರ್ತ ಕೂಡಿಬರಬೇಕಿತ್ತು. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುತ್ತಾಳೆ, ಆದರೆ ತೆರೆಯುವ ದಿನವನ್ನು ಮೊದಲೇ ಪೇಪರಿನಲ್ಲಿ ಹಾಕಿಸುತ್ತಾರೆ. ಆಚಾರ್ರ ದರ್ಶನಕ್ಕೆ ಅಂಥ ಸೌಲಭ್ಯವಿಲ್ಲ. ಅಮಾವಾಸ್ಯೆ ದಿನ ಕುಲುಮೆಗೆ ರಜ. ನಂಟರ ಗೃಹಪ್ರವೇಶಕ್ಕೆ ರಜ. ಕುಲುಮೆ ಉರಿಯುತ್ತಿದ್ದ ದಿನ ರೈತರ ಸಾಲು. ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆ ಹಾಸನದ ಮಾರುಕಟ್ಟೆಯಿಂದ ಊರೂರಿಗೆ ಹೋಗಿತ್ತು. ಅದನ್ನು ಕಣ್ಣು ನೋಡಿಕೊಂಡು ಹೋಳು ಮಾಡುವ ಹೆಂಗಸರೆಲ್ಲ ಚಾಕು ಹರಿತ ಮಾಡಿಸಲು ಬಂದಿದ್ದರು. ಒಂದೊಂದು ಹೋಳಿನಲ್ಲೂ ಮೊಳೆಯುವ ಕಣ್ಣು ಉಳಿಯಬೇಕು. ಮೊಂಡು ಚಾಕು ಜಜ್ಜಿದರೆ ಹೋಳು ಕೊಳೆಯುತ್ತದೆ. ಅವರ ಮುಂದೆ ನನ್ನ ಸೀಬೆಹಣ್ಣಿನ ಅಹವಾಲು ಎಲ್ಲಿ ನಿಲ್ಲಬೇಕು? “ನಿಮ್ದು ಸೋಕಿ ಕೆಲ್ಸ, ನಿಧಾನಕ್ಕಾಗ್ಲಿ” ಎಂದು ಆಚಾರ್ರು ನನ್ನನ್ನು ಒಂದು ಮುರುಕು ಗಾಲಿಯ ಮೇಲೆ ಕೂರಿಸಿದರು. ನಾನು ಕೂತೇ ಇದ್ದೆ.

ಕೂತವನಿಗೆ ಲೋಕಾಭಿರಾಮದ ಕೊರತೆ ಇರಲಿಲ್ಲ. ಬಂದವರೆಲ್ಲ “ಮೇಷ್ಟ್ರು ಏನ್ ಮಾಡಿಸ್ತಾವ್ರೆ?” ಎಂದು ಕೇಳುವುದು, ಆಚಾರ್ರು ಹೇಳುವುದು, ಅವರು ನನ್ನನ್ನು ಮೇಲಿಂದ ಕೆಳಗೆ ನೋಡುವುದು. ಕುಡುಗೋಲು ತಂದ ಒಬ್ಬ ಅಜ್ಜಿ, “ಯಾರ್ ಮ್ಯಾಲಪ್ಪಾ ಸಿಟ್ಟು?” ಎಂದು ನೇರವಾಗಿ ಕೇಳಿದಳು.

ಉಕ್ಕು ಯಾವುದು ಎಂಬ ಪ್ರಶ್ನೆಗೆ ಆಚಾರ್ರು ಮೂಲೆಯಿಂದ ಲಾರಿಯ ಕಮಾನು ಪಟ್ಟೆ ಎಳೆದು ತಂದರು. ಊರೂರಿನ ಕುಲುಮೆಯಲ್ಲೂ ಮಚ್ಚಿಗೂ ಕೊಡಲಿಗೂ ಅದೇ. ಲಕ್ಷಾಂತರ ಕಿಲೋಮೀಟರ್ ಭಾರ ಹೊತ್ತು, ಹಳ್ಳ ದಿಣ್ಣೆಯಲ್ಲಿ ಬಾಗಿ ಎದ್ದು, ಕೊನೆಗೆ ಮುರಿದ ಪಟ್ಟೆ. ನಮ್ಮ ರಸ್ತೆಗಳನ್ನು ಸಹಿಸಿಕೊಂಡಿದ್ದು ಯಾವ ಬೆಂಕಿಗೆ ಹೆದರೀತು?

ಅದು ಲೈಲ್ಯಾಂಡ್ ಲಾರಿಯದು ಎಂದಾಗ ನನಗೊಂದು ಹಳೇ ಲೆಕ್ಕ ನೆನಪಾಯಿತು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಇಲ್ಲಿನವರು ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿ ಮುಚ್ಚಿ ಬೆಂಕಿಗೆ ಇಟ್ಟರೆ ಇಂಗಾಲ ಕುಡಿದ ಕಬ್ಬಿಣ ಉಕ್ಕಾಗುತ್ತಿತ್ತು. ಚನ್ನರಾಯಪಟ್ಟಣದ ಬಯಲಿನಲ್ಲಿ ಮೇಕೆಯೂ ಮೂಸದ ತಂಗಡಿ! ಅದಕ್ಕೂ ಮೊದಲೇ ಮುಂಬಯಿಯಿಂದ ಲಂಡನ್ನಿಗೆ ಹೋದ ಇಂಥ ಉಕ್ಕಿನ ಬಿಲ್ಲೆಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ 1795ರಲ್ಲಿ ರಾಯಲ್ ಸೊಸೈಟಿಗೆ ವರದಿ ಕೊಟ್ಟ. ಅದೇ ಉಕ್ಕನ್ನು ಸ್ಟೋಡಾರ್ಟ್ ಎಂಬ ಚಾಕು ಮಾಡುವವನ ಕೈಗೆ ಕೊಟ್ಟಾಗ ಅವನು ಮಾಡಿದ್ದು ಖಡ್ಗವಲ್ಲ, ಗರಿಯ ಲೇಖನಿ ಚೂಪು ಮಾಡುವ ಪುಟ್ಟ ಚಾಕು. ಯುರೋಪಿನ ಉಕ್ಕಿಗಿಂತ ಇದೇ ಮೇಲು ಎಂದು ಅವನು ತನ್ನ ಅಂಗಡಿಯ ಚೀಟಿಯಲ್ಲಿ ಅಚ್ಚು ಹಾಕಿಸಿದ್ದ. ಮುಂದೆ ಅವನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಿದವನು ಮೈಕೇಲ್ ಫ್ಯಾರಡೆ. ಆಗ ಉಕ್ಕು ಇಲ್ಲಿಂದ ಹೋಗಿ ಅಲ್ಲಿ ಚಾಕುವಾಯಿತು. ಈಗ ಇಂಗ್ಲೆಂಡಿನ ಲೈಲ್ಯಾಂಡ್ ಎಂಬ ಊರಿನ ಹೆಸರು ಹೊತ್ತ ಲಾರಿಯ ಉಕ್ಕು ಅರಕಲಗೂಡಿನಲ್ಲಿ ಚಾಕುವಾಗುತ್ತಿದೆ. ಲೆಕ್ಕ ಚುಕ್ತಾ.

ಇದನ್ನೆಲ್ಲ ನಾನು ಪಾಠ ಮಾಡುವ ಧಾಟಿಯಲ್ಲೇ ಆಚಾರ್ರಿಗೆ ಹೇಳಿದೆ. ಫ್ರಾನ್ಸಿನ ರೈತರ ಜೇಬಿನಲ್ಲಿ 1890ರ ಕಾಲದಿಂದ ಮರದ ಹಿಡಿಯ ಓಪಿನೆಲ್ ಚಾಕು ಇರುತ್ತದೆ, ಜಪಾನಿನ ಮಿಕಿ ಎಂಬ ಊರಿನ ಹಿಗೊನೊಕಾಮಿ ಎಂಬ ಮಡಚುವ ಚಾಕುವಿನಲ್ಲಿ ಅಲ್ಲಿನ ಶಾಲೆಯ ಮಕ್ಕಳು ಪೆನ್ಸಿಲ್ ಚೂಪು ಮಾಡುತ್ತಿದ್ದರು ಎಂದೂ ಸೇರಿಸಿದೆ. ಅವರು ಸುತ್ತಿಗೆ ನಿಲ್ಲಿಸಿ ಗಂಭೀರವಾಗಿ ಕೇಳಿಸಿಕೊಂಡು, “ಅಲ್ಲೂ ಎಲೆಅಡಿಕೆ ಹಾಕ್ತಾರಾ?” ಎಂದರು. ಫ್ಯಾರಡೆಯ ಅಪ್ಪ ಕುಲುಮೆ ಕೆಲಸದವನು ಎಂದಾಗ ಮಾತ್ರ ಮುಖ ಅರಳಿತು. “ಅದ್ಕೇ ಮತ್ತೆ!” ಎಂದರು.

ಪಟ್ಟೆ ಕೆಂಪಾಯಿತು. ಉಳಿ ಇಟ್ಟು ಹೊಡೆದು ಎರಡು ತುಂಡು ಮಾಡಿದರು: ದೊಡ್ಡದು ಅಲಗಿಗೆ, ಸಣ್ಣದು ಬೆನ್ನಿನ ಸ್ಪ್ರಿಂಗಿಗೆ. ಅವರು ಸುತ್ತಿಗೆಯಲ್ಲಿ ತಟ್ಟಿ ಜಾಗ ತೋರಿಸುವುದು, ಸಹಾಯಕ್ಕಿದ್ದ ಹುಡುಗ ಸಮ್ಮಟಿಗೆಯಲ್ಲಿ ಅದೇ ಜಾಗಕ್ಕೆ ಹೊಡೆಯುವುದು. ಒಂದು ಮಾತಿಲ್ಲ. ಸುತ್ತಿಗೆ ಅಡಿಗಲ್ಲನ್ನು ಬರಿದೆ ತಟ್ಟಿದರೆ ನಿಲ್ಲಿಸು ಎಂದರ್ಥ. ನನ್ನ ತರಗತಿಗಳಲ್ಲಿ ಇಂಥ ಶಿಸ್ತು ಯಾವತ್ತೂ ಇರಲಿಲ್ಲ. ರೂಪ ಬಂದ ಮೇಲೆ ಎರಡನ್ನೂ ಮತ್ತೆ ಕಾಯಿಸಿ ಬೂದಿಯಲ್ಲಿ ಹೂತು, “ನಾಳಿದ್ದು ಬನ್ನಿ” ಎಂದರು. ನಿಧಾನವಾಗಿ ಆರಿದ ಉಕ್ಕು ಮೆತ್ತಗಾಗುತ್ತದೆ, ಆಗ ಅರಕ್ಕೆ ಬಗ್ಗುತ್ತದೆ.

ಆಮೇಲಿನದು ಅರದ ಕೆಲಸ. ವೈಸಿನಲ್ಲಿ ಕಚ್ಚಿಸಿ ಉಜ್ಜುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಹೊರಗಿನವನ ಕಣ್ಣಿಗೆ ಏನೂ ಬದಲಾಗಿರುವುದಿಲ್ಲ. ಅಲಗಿನ ಬುಡಕ್ಕೆ ತೂತು ಕೊರೆಯುವಾಗ ಮಗನನ್ನು ಕರೆದರು. ಅವನು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಬಂದು, ಡ್ರಿಲ್ಲಿಂಗ್ ಮಿಷನ್ನಿನಲ್ಲಿ ಇಟ್ಟು, ಕೂದಲೆಳೆಯಷ್ಟೂ ವಾಲದಂತೆ ಕೊರೆದುಕೊಟ್ಟು, “ಅಪ್ಪಂಗೆ ಕಣ್ಣು ಮಂಜು, ಒಪ್ಪಲ್ಲ” ಎಂದು ನನಗೆ ಮಾತ್ರ ಕೇಳುವಂತೆ ಹೇಳಿ ಹೋದ. “ಅವನಿಗೆ ಬೆಂಕಿ ಬಣ್ಣ ಗೊತ್ತಾಗಲ್ಲ, ಒಪ್ಪಲ್ಲ” ಎಂದು ಅಪ್ಪನೂ ಅಷ್ಟೇ ಮೆಲ್ಲಗೆ ಹೇಳಿದರು.

ಬೆಂಕಿಯ ಬಣ್ಣದ ದಿನ ಬಾಗಿಲು ಅರ್ಧ ಹಾಕಿದರು. ಬಿಸಿಲಿನಲ್ಲಿ ಉಕ್ಕಿನ ಕೆಂಪು ಸುಳ್ಳು ಹೇಳುತ್ತದಂತೆ. ಅಲಗು ಕಾದು ಕೆಂಪಾದಾಗ ಅದರ ಹತ್ತಿರ ಒಂದು ಅಯಸ್ಕಾಂತದ ಚೂರು ಹಿಡಿದರು, ಹಳೇ ಸ್ಪೀಕರಿನದು. ಅಂಟಿಕೊಂಡಿತು. ಇನ್ನಷ್ಟು ಕಾಯಿಸಿದರು. ಅಂಟಲಿಲ್ಲ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಬೆನ್ನು ತಿರುಗಿಸುತ್ತದೆ ಎಂದು ನಾನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಕಣ್ಣಾರೆ ನೋಡಿದ್ದು ಅವತ್ತೇ. ಇನ್ನೊಂದು ಗಳಿಗೆ ಬೆಂಕಿಯಲ್ಲಿಟ್ಟು, ಸುಟ್ಟ ಎಂಜಿನ್ ಆಯಿಲಿನಲ್ಲಿ ಅದ್ದಿದರು. ಭುಸ್ಸೆಂದು ಹೊಗೆ. ಅಷ್ಟು ಕೆಂಪಗಿದ್ದಾಗ ನೀರಿಗೆ ಹಾಕಿದರೆ ಈ ಉಕ್ಕು ಸೀಳುತ್ತದೆ. ಆರಿದ ಮೇಲೆ ಅರ ಹಾಕಿದರೆ ಅರವೇ ಜಾರಿತು. ಗಡುಸಾಗಿದೆ.

“ಈಗ ಇದು ಗಾಜು” ಎಂದರು. “ಕೆಳಗೆ ಬಿದ್ರೆ ಎರಡು ಚೂರು. ಇದರ ಪೊಗರು ಇಳಿಸ್ಬೇಕು.”

ಅಲಗನ್ನು ಉಜ್ಜಿ ಹೊಳಪು ಬರಿಸಿ, ಕಾದ ದಪ್ಪ ಕಬ್ಬಿಣದ ಮೇಲೆ ಬೆನ್ನು ತಾಗಿಸಿ ಹಿಡಿದರು. ಬೆಳ್ಳಗಿದ್ದ ಉಕ್ಕಿನ ಮೇಲೆ ಬಣ್ಣ ಓಡತೊಡಗಿತು. ಮೊದಲು ತೆಳು ಹಳದಿ, ಹಿಂದೆಯೇ ಕಂದು, ಅದರ ಹಿಂದೆ ನೇರಳೆ, ಕಟ್ಟಕಡೆಗೆ ನೀಲಿ. ಬಾಯಿಯ ಅಂಚಿಗೆ ಹಳದಿ ಬಂದು ಮುಟ್ಟಿದ ಕ್ಷಣ ನೀರಿಗೆ ಹಾಕಿದರು. ಎರಡು ಉಸಿರು ತಡವಾಗಿದ್ದರೆ ಕಂದು ಬಂದು ಅಲಗು ಮೆದುವಾಗುತ್ತಿತ್ತು. ಹಳದಿಗೆ ಸುಮಾರು 220 ಡಿಗ್ರಿ, ನೀಲಿಗೆ 300. ಈ ಲೆಕ್ಕ ಅವರಿಗೆ ಬೇಕಿಲ್ಲ. ಆಮೇಲೆ ಸ್ಪ್ರಿಂಗಿನ ತುಂಡನ್ನು ತೆಗೆದುಕೊಂಡರು. ಅದೇ ಕಮಾನಿನ ಒಡಹುಟ್ಟು, ಅದೇ ಬೆಂಕಿ, ಅದೇ ಎಣ್ಣೆ. ಅದನ್ನು ಹಳದಿಗೆ ನಿಲ್ಲಿಸಲಿಲ್ಲ, ನೀಲಿಗೆ ಬರುವವರೆಗೂ ಬಿಟ್ಟರು.

“ಅದ್ಯಾಕೆ ಇದಕ್ಕೆ ಬೇರೆ ನ್ಯಾಯ?” ಎಂದೆ.

“ಅಲಗು ಬಗ್ಗಬಾರ್ದು, ಇದು ಮುರೀಬಾರ್ದು. ಒಬ್ಬ ಬಗ್ಗದೇ ಇರ್ಬೇಕು ಅಂದ್ರೆ ಹಿಂದೆ ಇನ್ನೊಬ್ಬ ಬಗ್ಗೋನು ಇರ್ಬೇಕು ಮೇಷ್ಟ್ರೇ. ಇಲ್ದಿದ್ರೆ ಚಾಕು ನಿಲ್ಲಲ್ಲ.”

ಮಡಚುವ ಚಾಕುವಿನ ಶಾಸ್ತ್ರವೆಲ್ಲ ಅಷ್ಟೇ. ತೆರೆದಾಗ ಅಲಗು ನೆಟ್ಟಗೆ ನಿಲ್ಲುವುದು, ಮುಚ್ಚಿದಾಗ ತಾನಾಗಿ ತೆರೆದುಕೊಳ್ಳದಿರುವುದು, ಎರಡೂ ಹಿಂದೆ ಕಾಣದೆ ಒತ್ತಿ ಹಿಡಿದ ಆ ನೀಲಿ ಹದದ ಪಟ್ಟಿಯ ದೆಸೆಯಿಂದ. ಹೊರಗೆ ಹೊಳೆಯುವುದು ಅಲಗು. ಹೊಗಳಿಸಿಕೊಳ್ಳುವುದೂ ಅದೇ. ಮನೆಗೆ ಬಂದು ಈ ಮಾತನ್ನು ನನ್ನಾಕೆಗೆ ಹೇಳಿದೆ. ಅವಳು ಈಳಿಗೆಯಿಂದ ತಲೆ ಎತ್ತಿ, “ಇದನ್ನ ತಿಳ್ಕೊಳ್ಳೋಕೆ ಅರಕಲಗೂಡಿಗೆ ಹೋಗ್ಬೇಕಿತ್ತಾ?” ಎಂದಳು.

ಹಿಡಿಗೆ ಏನು ಹಾಕುವುದು ಎಂಬ ಚರ್ಚೆ ಕುಲುಮೆಯ ಸಾರ್ವಜನಿಕರ ಮಧ್ಯೆ ನಡೆಯಿತು. ಜಿಂಕೆಕೊಂಬು ಚೆನ್ನ ಎಂದರು ಒಬ್ಬರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಜಿಂಕೆಯ ಕೊಂಬು ಜಿಂಕೆಯ ತಲೆಯ ಮೇಲಿದ್ದರೇ ಎಲ್ಲರಿಗೂ ಕ್ಷೇಮ. ಬೀಟೆ ಮರ ಎಂದರೆ ಅರಣ್ಯ ಇಲಾಖೆಯ ನೆನಪಾಗುತ್ತದೆ. ಕೊನೆಗೆ ಆಚಾರ್ರು ಸೂರಿನ ಮೂಲೆಯಿಂದ ಒಂದು ಜಾಲಿಮರದ ತುಂಡು ಎಳೆದರು. ನೇಗಿಲಿನದು. ಕುಳ ಹಾಕಿಸಲು ಯಾರೋ ಬಿಟ್ಟುಹೋಗಿದ್ದರು. ಅಷ್ಟರಲ್ಲಿ ಊರಿಗೆ ಟ್ರ್ಯಾಕ್ಟರ್ ಬಂತು, ಅವರು ತಿರುಗಿ ಬರಲಿಲ್ಲ. ಆ ಮೂಲೆಯಲ್ಲಿ ಅಂಥವು ಇನ್ನೂ ಇದ್ದವು: ಕೂರಿಗೆಯ ಬುಡ, ಗಾಡಿಯ ಕಡಾಣಿ, ಎತ್ತಿನ ಲಾಳ, ರಾಗಿ ಹೊಲ ಹರಗುವ ಕುಂಟೆಯ ತಾಳು. ಪ್ರತಿಯೊಂದಕ್ಕೂ ಒಬ್ಬ ಯಜಮಾನ, ಪ್ರತಿಯೊಬ್ಬನಿಂದಲೂ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಅಳೆದುಕೊಳ್ಳುತ್ತಿದ್ದ ಆಯದ ರಾಗಿ. ಈಗ ವಸ್ತುಗಳಿವೆ, ಆಯವಿಲ್ಲ. “ಬಂದ್ ಕೇಳಿದ್ರೆ ಕೊಡ್ಬೇಕಲ್ಲ, ಅದ್ಕೇ ಎಸೆದಿಲ್ಲ” ಎಂದರು.

“ನೇಗಿಲಿನವರು ಬಂದು ಕೇಳಿದರೆ?”

“ನೀವು ಚಾಕು ತೋರ್ಸಿ.”

ಜಾಲಿ ಸೀಳಿ, ಎರಡು ಪಕ್ಕಕ್ಕೆ ಹಿತ್ತಾಳೆ ತಗಡಿನ ಮೇಲೆ ಕೂರಿಸಿ, ರಿಪೀಟು ಹೊಡೆದರು. ಕೂಡಿಸುವುದಕ್ಕೆ ಮುಂಚೆ ಬಿಚ್ಚಿ ಹಾಕಿ ಬಿಚ್ಚಿ ಹಾಕಿ ನೋಡಿದ್ದಕ್ಕೆ ಲೆಕ್ಕವಿಲ್ಲ. ರಿಪೀಟು ಬಿಗಿಯಾದರೆ ಚಾಕು ತೆರೆಯುವುದಿಲ್ಲ, ಸಡಿಲವಾದರೆ ಅಲಗು ಕುಣಿಯುತ್ತದೆ. ಸಣ್ಣ ಸುತ್ತಿಗೆಯಲ್ಲಿ ಒಂದು ಏಟು, ಕಿವಿಯ ಹತ್ತಿರ ಹಿಡಿದು ಒಮ್ಮೆ ತೆರೆದು ಮುಚ್ಚುವುದು, ಮತ್ತೊಂದು ಏಟು. ಟಕ್ ಎಂಬ ಸದ್ದು ಅವರ ಮನಸ್ಸಿಗೆ ಬಂದಾಗ ಸುತ್ತಿಗೆ ಕೆಳಗಿಟ್ಟರು. ಕಣ್ಣು ಮಂಜಾಗಿದ್ದರೇನು, ಕಿವಿ ಇತ್ತು.

ಸಾಣೆ ಹಿಡಿದಾದ ಮೇಲೆ ಚಾಕುವನ್ನು ನನ್ನ ಕೈಗೆ ಕೊಡಲಿಲ್ಲ. ಅಡಿಗಲ್ಲಿನ ಮೇಲಿಟ್ಟರು, ನಾನು ಎತ್ತಿಕೊಂಡೆ. ಹರಿತದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂಬುದು ನಮ್ಮಿಬ್ಬರ ಅಜ್ಜಿಯರೂ ಹೇಳಿದ್ದ ಮಾತು.

“ಎಷ್ಟಾಯ್ತು ಆಚಾರ್ರೇ?”

“ನಿಮಗೆ ತಿಳಿದಷ್ಟು ಕೊಡಿ.”

ಕನ್ನಡ ನಾಡಿನಲ್ಲಿ ಇದಕ್ಕಿಂತ ದುಬಾರಿ ಬೆಲೆ ಇನ್ನೊಂದಿಲ್ಲ. ಕಡಿಮೆ ಕೊಟ್ಟರೆ ತಿಳಿವಳಿಕೆ ಕಡಿಮೆ ಎಂದಾಯಿತು. ನಾನು ಪರ್ಸಿನಲ್ಲಿದ್ದುದನ್ನು ಎಣಿಸದೆ ಮುಂದೆ ಹಿಡಿದೆ. ಅವರು ಅದರಲ್ಲಿ ಬಸ್ ಚಾರ್ಜಿನಷ್ಟು ತೆಗೆದು ನನಗೇ ವಾಪಸು ಕೊಟ್ಟು, ಉಳಿದದ್ದನ್ನು ಹಾಗೇ ಮಗನ ಕೈಗೆ ದಾಟಿಸಿದರು.

ಈಗ ಚಾಕು ನನ್ನ ಜೇಬಿನಲ್ಲಿದೆ. ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ, ಅದಕ್ಕೇ ರೈಲಿನಲ್ಲಿ ಓಡಾಡುತ್ತೇನೆ. ಹಾಸನದಿಂದ ಮೈಸೂರಿಗೆ ಹೋಗುವಾಗ ಹೊಳೆನರಸೀಪುರ ದಾಟಿದ ಮೇಲೆ ಸೀಬೆಹಣ್ಣು ತೆಗೆದು, ಚಾಕು ಬಿಚ್ಚಿ, ಹೋಳು ಮಾಡುತ್ತೇನೆ. ಎದುರು ಕೂತವರು ಮೊಬೈಲಿನಿಂದ ತಲೆ ಎತ್ತುತ್ತಾರೆ. ಚಾಕು ಕಂಡು ಮೊದಲು ಸ್ವಲ್ಪ ಹಿಂದೆ ಸರಿಯುತ್ತಾರೆ, ಹೋಳು ಕಂಡು ಮುಂದೆ ಬರುತ್ತಾರೆ. “ಎಲ್ಲಿ ತಗೊಂಡ್ರಿ?” ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ತಗೊಂಡಿದ್ದಲ್ಲ, ಮಾಡಿಸಿದ್ದು ಎಂದು ಹೇಳುವಾಗ ನನ್ನ ದನಿ ಒಂದು ಪಟ್ಟು ಏರುವುದು ನಿಜ. ಮುಂದಿನ ಸ್ಟೇಷನ್ನಿನವರೆಗೆ ಮಾತಿಗೆ ಕೊರತೆಯಿಲ್ಲ. ಏನು ಕುಯ್ಯುತ್ತೀರಿ ಎಂದು ಆಚಾರ್ರು ಕೇಳಿದ್ದಕ್ಕೆ ಆಗ ಹಣ್ಣು ಎಂದಿದ್ದೆ. ಹಣ್ಣು ಒಬ್ಬನೇ ತಿನ್ನುವುದಾದರೆ ಹಲ್ಲು ಸಾಕು. ಹಂಚುವುದಕ್ಕೇ ಚಾಕು ಬೇಕಾಗುವುದು.

ಓದುಗರಿಗೆ ನನ್ನದೊಂದು ಬಿನ್ನಹ. ನಿಮ್ಮ ಊರಿನ ಸುತ್ತ ಎಲ್ಲಾದರೂ ಕುಲುಮೆ ಉರಿಯುತ್ತಿದ್ದರೆ ಹೋಗಿ ಏನನ್ನಾದರೂ ಹೇಳಿ ಮಾಡಿಸಿ. ಚಾಕುವೇ ಆಗಬೇಕಿಲ್ಲ; ಈಳಿಗೆ, ಕಳೆ ಕೀಳುವ ಕುರ್ಚಿಗೆ, ಅಡಕತ್ತರಿ, ಯಾವುದಾದರೂ ಸರಿ. ಮಾಡುವವರಿಗೆ ಈಗ ಕಡಿಮೆ ಬಿದ್ದಿರುವುದು ಕೈಚಳಕವಲ್ಲ, ಮಾಡಿಸುವವರು. ಬಿತ್ತನೆಯ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ ಹೋಗಬೇಡಿ, ಅದು ರೈತರ ಸರದಿ. ಮಾಘ ಫಾಲ್ಗುಣದಲ್ಲಿ ಹೋಗಿ, ಅಮಾವಾಸ್ಯೆ ತಪ್ಪಿಸಿ. ಚೌಕಾಸಿ ಮಾಡಬೇಡಿ. ಕೂರಲು ಹೊತ್ತು ಇಟ್ಟುಕೊಂಡು, ಒಂದು ಕಟ್ಟು ವೀಳ್ಯದೆಲೆ ಹಿಡಿದುಕೊಂಡು ಹೋದರೆ ಕೆಲಸ ಒಂದು ದಿನ ಮುಂಚೆಯೇ ಆಗುತ್ತದೆ.